ಸಾಲಿನಲ್ಲಿ ಮಕ್ಕಳನ್ನು ನಿಲ್ಲಿಸಿದ ಟೀಚರ್‌ಗೆ ಲಸಿಕೆ ಯಾರು ಕೊಟ್ಟರು?

2017ರ ಫೆಬ್ರವರಿ ನೆನಪಿದೆಯಾ? ಶಾಲೆ ಶಾಲೆಯಲ್ಲೂ ಮಕ್ಕಳು ಸಾಲಾಗಿ ನಿಂತು ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿಸಿಕೊಂಡರು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ. ದೇಶದಲ್ಲಿ ಈ ಅಭಿಯಾನ ಮೊದಲು ಶುರುವಾಗಿದ್ದು ಈ ಐದು ಕಡೆ. ಗುರಿ ಸುಮಾರು 3.6 ಕೋಟಿ ಮಕ್ಕಳು. ವಾಟ್ಸ್‌ಆ್ಯಪ್‌ನಲ್ಲಿ ಏನೇನೋ ವದಂತಿ ಹಬ್ಬಿದಾಗ ಹೆದರಿದ ಪೋಷಕರಿಗೆ ಸಮಾಧಾನ ಹೇಳಿದ್ದು, ಅಳುವ ಮಕ್ಕಳ ಕೈ ಹಿಡಿದುಕೊಂಡಿದ್ದು ನಮ್ಮ ಟೀಚರ್‌ಗಳು.

ಸರಿ, ಆ ಟೀಚರ್‌ಗೆ ಲಸಿಕೆ ಯಾರು ಕೊಟ್ಟರು? ಅಭಿಯಾನ ಇದ್ದಿದ್ದು 9 ತಿಂಗಳಿಂದ 15 ವರ್ಷದೊಳಗಿನವರಿಗೆ. ಟೀಚರ್ ಲೆಕ್ಕದಲ್ಲೇ ಇರಲಿಲ್ಲ.

ಮಕ್ಕಳ ಕಾಯಿಲೆಗೆ ದೊಡ್ಡವರಿಗ್ಯಾಕೆ ಲಸಿಕೆ ಅಂತೀರಾ? ಉತ್ತರಕ್ಕೆ 1941ರ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಸಿಡ್ನಿಯ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಬಳಿಗೆ ಹುಟ್ಟುವಾಗಲೇ ಕಣ್ಣಿಗೆ ಪೊರೆ ಬಂದ ಶಿಶುಗಳು ಒಂದರ ಹಿಂದೊಂದು ಬರತೊಡಗಿದವು. ಅವರು ತಾಯಂದಿರ ಮಾತಿಗೆ ಕಿವಿಗೊಟ್ಟರು. ಬೇರೆ ವೈದ್ಯರ ರೋಗಿಗಳನ್ನೂ ಸೇರಿಸಿ ಒಟ್ಟು 78 ಶಿಶುಗಳ ವಿವರ ಕಲೆಹಾಕಿದರು. ಅವರಲ್ಲಿ 68 ಶಿಶುಗಳ ತಾಯಂದಿರಿಗೆ ಗರ್ಭಿಣಿಯಾಗಿದ್ದಾಗ ರುಬೆಲ್ಲಾ ಬಂದುಹೋಗಿತ್ತು.

ಮಗುವಿಗೆ ಬಂದರೆ ಎರಡು ಮೂರು ದಿನದ ಗುಳ್ಳೆ, ಸಣ್ಣ ಜ್ವರ. ಅಷ್ಟೇ. ಆದರೆ ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೇ ಪೆಟ್ಟು. 1964-65ರಲ್ಲಿ ಅಮೆರಿಕದಲ್ಲಿ ಸುಮಾರು 1.25 ಕೋಟಿ ಜನರಿಗೆ ರುಬೆಲ್ಲಾ ಬಂತು. ಹುಟ್ಟುವಾಗಲೇ ಅದರ ಗಾಯ ಹೊತ್ತು ಬಂದ ಶಿಶುಗಳು ಸುಮಾರು 20,000.

ಈಗ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. ಗುಳ್ಳೆ ಕಾಣಿಸುವ ಒಂದು ವಾರ ಮೊದಲೇ ಸೋಂಕು ಹರಡಲು ಶುರುವಾಗುತ್ತೆ. ಎಷ್ಟೋ ಮಕ್ಕಳಿಗೆ ಗುಳ್ಳೆಯೇ ಏಳೋದಿಲ್ಲ. ಹುಷಾರಿಲ್ಲದ ಮಗುವನ್ನು ಮನೆಗೆ ಕಳಿಸಿದರೆ ಟೀಚರ್ ಬಚಾವ್ ಅನ್ನೋ ಲೆಕ್ಕಾಚಾರ ಇಲ್ಲಿ ಕೆಲಸ ಮಾಡಲ್ಲ.

1969ರಲ್ಲಿ ಅಮೆರಿಕಕ್ಕೆ ಲಸಿಕೆ ಬಂತು. ಆಗ ಎರಡು ದೇಶ ಎರಡು ದಾರಿ ಹಿಡಿದವು. ಅಮೆರಿಕ ಹುಡುಗ-ಹುಡುಗಿ ಅನ್ನದೆ ಚಿಕ್ಕ ಮಕ್ಕಳಿಗೆಲ್ಲ ಕೊಟ್ಟಿತು, ಅಂದರೆ ಸೋಂಕು ಹುಟ್ಟುವ ಜಾಗಕ್ಕೇ ಕೈ ಹಾಕಿತು. ಬ್ರಿಟನ್ 1970ರಲ್ಲಿ ಶಾಲಾ ಬಾಲಕಿಯರಿಗೆ ಮಾತ್ರ ಕೊಟ್ಟಿತು, ಅಂದರೆ ಮುಂದೆ ಅಪಾಯಕ್ಕೆ ಸಿಗುವವರಿಗೆ ರಕ್ಷಣೆ ಕೊಟ್ಟಿತು. ಆದರೆ ಪುಟ್ಟ ಮಕ್ಕಳ ನಡುವೆ ವೈರಸ್ ಓಡಾಡ್ತಾನೇ ಇತ್ತು. ಲಸಿಕೆ ತಪ್ಪಿಸಿಕೊಂಡ ಮಹಿಳೆಗೆ ಅಪಾಯ ತಪ್ಪಲಿಲ್ಲ. ಕೊನೆಗೆ 1988ರಲ್ಲಿ ಬ್ರಿಟನ್ ಕೂಡ ಎಲ್ಲ ಮಕ್ಕಳಿಗೂ ಲಸಿಕೆ ಕೊಡಲು ಶುರುಮಾಡಿತು.

ಎಂಜಿನಿಯರಿಂಗ್ ಓದಿದವರಿಗೆ ಇದು ಗೊತ್ತಿರೋ ಪಾಠ. ಕಾರ್ಖಾನೆಯಲ್ಲಿ ಯಂತ್ರಕ್ಕೆ ಗಾರ್ಡ್ ಹಾಕ್ತೀವಿ, ಕೆಲಸಗಾರನಿಗೆ ಹೆಲ್ಮೆಟ್ಟೂ ಕೊಡ್ತೀವಿ. ಒಂದಿದ್ದರೆ ಇನ್ನೊಂದು ಬೇಡ ಅಂತ ಯಾರೂ ಹೇಳಲ್ಲ.

ನಮ್ಮಲ್ಲಿ ಗಾರ್ಡ್ ಹಾಕಿದ್ದೇವೆ. ಮಕ್ಕಳ ವಾಡಿಕೆಯ ಲಸಿಕೆಯಲ್ಲಿ ರುಬೆಲ್ಲಾ ಸೇರಿದೆ, ಒಳ್ಳೆಯದೇ. ಆದರೆ ಸರಳ ಲೆಕ್ಕ ನೋಡಿ. 1998ರಲ್ಲಿ ಹುಟ್ಟಿದ ಹುಡುಗಿಗೆ 2017ರಲ್ಲಿ 18 ದಾಟಿತ್ತು. ಅಭಿಯಾನದಿಂದ ಹೊರಗೆ. ಅವಳೇ ಮುಂದೆ ಅತಿಥಿ ಶಿಕ್ಷಕಿ, ಅಂಗನವಾಡಿ ಕಾರ್ಯಕರ್ತೆ, ಬಿಸಿಯೂಟದ ಅಡುಗೆಯವಳು. ಬಾಲ್ಯದಲ್ಲಿ ರುಬೆಲ್ಲಾ ಬಂದುಹೋಗಿದ್ದರೆ ಅವಳ ಅದೃಷ್ಟ. ಬಂದಿಲ್ಲದಿದ್ದರೆ? ಗರ್ಭಿಣಿಯಾದ ಮೇಲೆ ಈ ಲಸಿಕೆ ಕೊಡುವಂತಿಲ್ಲ. ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಗರ್ಭ ಧರಿಸದಂತೆ ಸಲಹೆ ಕೊಡ್ತಾರೆ. ಏನು ಮಾಡಿದರೂ ಮೊದಲೇ ಮಾಡಬೇಕು.

ಮೊದಲೇ ಅಂದರೆ ಯಾವಾಗ? ಕೆಲಸಕ್ಕೆ ಸೇರುವ ದಿನ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ಎಲ್ಲ ಕೇಳುವ ಇಲಾಖೆ ಇನ್ನೊಂದು ಪ್ರಶ್ನೆ ಸೇರಿಸಲಿ: ರುಬೆಲ್ಲಾ ಲಸಿಕೆ ಆಗಿದೆಯಾ? ಆಗಿಲ್ಲ ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕಿಸಲಿ. ಕಾಯಂ, ಗುತ್ತಿಗೆ, ಅತಿಥಿ ಅಂತ ವೈರಸ್ ನೋಡೋದಿಲ್ಲ. ಇಲಾಖೆಯೂ ನೋಡಬಾರದು.