ಪೂರ್ಣ ಅಳತೆಯ ಜಂತಿಗಳು: ಭಾರ ಹೊರುವ ಗೋಡೆ ತೆಗೆಯುವಾಗ ಆಸರೆ

ಅಮೆರಿಕ, ಕೆನಡಾಗಳ ಹಳೆಯ ಮರದ ಮನೆಗಳಲ್ಲಿ ಮಹಡಿಯ ಜಂತಿಗಳನ್ನು ನಡುವೆ ಹೊತ್ತ ಗೋಡೆಯನ್ನು ತೆಗೆದು, ಆ ಭಾರವನ್ನು ತೊಲೆಗೆ ವರ್ಗಾಯಿಸುವ ಕಾಮಗಾರಿ.

ಅಳತೆ: ಈ ಮನೆಗಳಲ್ಲಿ ‘2×8’ ಜಂತಿ ಹೆಚ್ಚುಕಡಿಮೆ ಪೂರ್ತಿ 2 ಅಂಗುಲ ದಪ್ಪ, 8 ಅಂಗುಲ ಎತ್ತರ ಇರುತ್ತದೆ. ಇಂದು ಅದೇ ಹೆಸರಿನ ಮರ 1½×7¼ ಅಂಗುಲ ಮಾತ್ರ. ಒಂದೇ ಜಾತಿಯ ಮರವಾದರೆ, ಹಳೆಯದು ಬಾಗುವಿಕೆಯನ್ನು ಸುಮಾರು 80% ಹೆಚ್ಚು ತಡೆಯುತ್ತದೆ.

ತಾತ್ಕಾಲಿಕ ಆಸರೆ: ಎರಡು ಬದಿಯ ಜಂತಿಗಳ ತುದಿಗಳು ಸಾಮಾನ್ಯವಾಗಿ ಗೋಡೆಯ ಮೇಲೆಯೇ ಸೇರುತ್ತವೆ. ಆದ್ದರಿಂದ ಗೋಡೆಯ ಎರಡೂ ಪಕ್ಕ ಆಸರೆ ನಿಲ್ಲಿಸಬೇಕು. ಕೆಳಗೆ ನೆಲಮಾಳಿಗೆಯಿದ್ದರೆ ಅಲ್ಲಿಯೂ ನೇರ ಕೆಳಗೆ ಕಂಬ ಕೊಡಬೇಕು.

ತೊಲೆ: ಜಂತಿಗಳ ಅಡಿಯಲ್ಲಿ ತೊಲೆ ಕೂರಿಸಿದರೆ ಅವನ್ನು ಕತ್ತರಿಸಬೇಕಿಲ್ಲ, ಆದರೆ ತೊಲೆ ಚಾವಣಿಯ ಕೆಳಗೆ ಇಳಿದು ಕಾಣುತ್ತದೆ. ಚಾವಣಿ ಸಮತಟ್ಟಾಗಿರಬೇಕೆಂದರೆ ಜಂತಿಗಳನ್ನು ಕತ್ತರಿಸಿ, ಉಕ್ಕಿನ ಹ್ಯಾಂಗರ್‌ಗಳಿಂದ ತೊಲೆಯ ಪಕ್ಕಕ್ಕೆ ಜೋಡಿಸುತ್ತಾರೆ. 1½ ಅಂಗುಲದ ಸಾಮಾನ್ಯ ಹ್ಯಾಂಗರ್‌ನಲ್ಲಿ ಹಳೆಯ ಜಂತಿ ಕೂರುವುದಿಲ್ಲ. ಪೂರ್ಣ ಅಳತೆಗೆಂದೇ ತಯಾರಾದ ಅಗಲ ಹ್ಯಾಂಗರ್ ಬೇಕು. ಹ್ಯಾಂಗರ್‌ಗೆ ಹೊಂದಿಸಲು ಜಂತಿಯ ತುದಿಯನ್ನು ಕೆತ್ತಿ ತೆಳುವಾಗಿಸುವುದು ತಪ್ಪು: ಭಾರ ತೊಲೆಗೆ ದಾಟುವ ಜಾಗದಲ್ಲೇ ಮರ ದುರ್ಬಲವಾಗುತ್ತದೆ. ಗರಗಸದಿಂದ ಕೊಯ್ದ ಹಳೆಯ ಜಂತಿಗಳ ಎತ್ತರ ಒಂದೇ ಸಮ ಇರದ ಕಾರಣ ಪ್ರತಿಯೊಂದನ್ನೂ ಅಳೆಯಬೇಕು. ಹ್ಯಾಂಗರ್‌ನ ತಳದಲ್ಲಿ ಸಂದು ಉಳಿದರೆ ಗಟ್ಟಿಮರ ಅಥವಾ ಉಕ್ಕಿನ ತುಂಡಿನಿಂದ ಬಿಗಿಯಾಗಿ ತುಂಬಬೇಕು.

ಅಡಿಪಾಯ: ಗೋಡೆಯುದ್ದಕ್ಕೂ ಹರಡಿದ್ದ ಭಾರ ಈಗ ತೊಲೆಯ ತುದಿಗಳ ಕಂಬಗಳಲ್ಲಿ ಒಟ್ಟಾಗುತ್ತದೆ. ಆ ಕಂಬಗಳು ಅಡಿಪಾಯದವರೆಗೂ ಮುಂದುವರಿಯಬೇಕು. ಎಂಜಿನಿಯರರ ಲೆಕ್ಕಾಚಾರ, ಸ್ಥಳೀಯ ಆಡಳಿತದ ಪರವಾನಗಿ ಕೈಸೇರುವ ಮುನ್ನ ಗೋಡೆಯನ್ನು ಮುಟ್ಟಬಾರದು.