ಹೊಲದ ಪಲ್ಯ

ಬೆಂಗಳೂರು, ಮೈಸೂರಿನ ಕಡೆ ಪಲ್ಯವೆಂದರೆ ಒಗ್ಗರಣೆ ಬಿದ್ದು ಬಾಣಲೆಯಿಂದ ಇಳಿದ ಅಡುಗೆ. ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಅದು ಒಲೆ ಕಾಣುವ ಮೊದಲೇ ಪಲ್ಯ. ಹೊಲದಲ್ಲಿ ನಿಂತ ಗಿಡಕ್ಕೂ ಸಂತೆಯಲ್ಲಿ ಕಟ್ಟು ಕಟ್ಟಿ ಇಟ್ಟ ಸೊಪ್ಪಿಗೂ ರೊಟ್ಟಿಯ ಜೊತೆಗಿನ ಬೆಂದ ಅಡುಗೆಗೂ ಅದೇ ಹೆಸರು. ಪುಂಡಿಪಲ್ಯ, ರಾಜಗಿರಿ ಪಲ್ಯ, ಗೋಳಿ ಪಲ್ಯ ಎಂದಾಗ ಮೊದಲು ಕಣ್ಣಿಗೆ ಬರುವುದು ಗಿಡವೇ. ತರಕಾರಿಗೆಲ್ಲ ಸೇರಿ ಈ ಸೀಮೆಯವರು ಹೇಳುವ ಕಾಯಿಪಲ್ಯ ಎಂಬ ಜೋಡುಪದದಲ್ಲಿ ಈ ಅರ್ಥ ಗಟ್ಟಿಯಾಗಿ ಉಳಿದಿದೆ: ಕಾಯಿ ಬೇರೆ, ಪಲ್ಯ ಬೇರೆ.

ಪಲ್ಯದ ಎದುರಿಗೆ ನಿಲ್ಲುವ ಪದ ಕಸ. ತೊಗರಿ, ಹತ್ತಿಯ ಹೊಲದಲ್ಲಿ ಎಡೆ ಹೊಡೆದ ಮೇಲೂ ಸಾಲಿನೊಳಗೆ ಉಳಿದದ್ದನ್ನು ಹೆಂಗಸರು ಕುರ್ಪಿ ಹಿಡಿದು ತೆಗೆಯುತ್ತಾರೆ. ಆ ಕಸದ ನಡುವೆ ಕಿರಕಸಾಲಿ, ಗೋಳಿ, ಗೊರಜಿ ಕಂಡರೆ ಕೈ ತಡೆಯುತ್ತದೆ. ಬದುವಿಗೆ ಎಸೆದರೆ ಕಸ, ಉಡಿಗೆ ಬಿದ್ದರೆ ಪಲ್ಯ. ಗಿಡದ ವಯಸ್ಸೂ ಇದರಲ್ಲಿ ಸೇರಿದೆ. ಮೊದಲ ಮಳೆಗೆ ಚಿಗುರಿದ ತಗಚಿ ಪಲ್ಯವಾಗುತ್ತದೆ. ಹೂವಾಗಿ ಕಾಯಿ ಬಿಟ್ಟ ಮೇಲೆ ಅದನ್ನು ದನವೂ ಮುಟ್ಟುವುದಿಲ್ಲ. ಗೋಳಿಯ ದಪ್ಪ ಎಲೆಗೆ ಹುಳಿ ತನ್ನದೇ ಇರುವುದರಿಂದ ತೊಗರಿಬೇಳೆಯೊಡನೆ ಬೇಯಿಸಿದಾಗ ಹುಣಸೆ ಅಷ್ಟಾಗಿ ಬೇಕಾಗದು.

ಬೇಯಿಸದೆಯೇ ಪಲ್ಯ ಎನಿಸಿಕೊಂಡದ್ದು ಹಕ್ಕರಕಿ. ಎರೆಹೊಲದ ಹಿಂಗಾರಿ ಜೋಳದ ನಡುವೆ ಅದು ನೆಲಕ್ಕೆ ಅಂಟಿ, ಎಲೆಗಳನ್ನು ಸುತ್ತಲೂ ಹರಡಿಕೊಂಡು ಬೆಳೆಯುತ್ತದೆ. ಎಲೆಯ ಅಂಚು ಹಲ್ಲುಹಲ್ಲು. ಮುರಿದರೆ ಬಿಳಿ ಹಾಲು. ಹಳದಿ ಹೂವಿನ ದಂಟು ಏಳುವ ಮೊದಲೇ ಕೀಳಬೇಕು, ಆಮೇಲೆ ಕಹಿ ಏರುತ್ತದೆ. ತೊಳೆದು ಹೆಚ್ಚಿ, ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಹಸಿ ಎಣ್ಣೆ ಕಲಸಿದರೆ ಪಚಡಿ. ಕಟಿರೊಟ್ಟಿಗೆ ಇದಕ್ಕಿಂತ ಒಪ್ಪುವ ಜೊತೆ ಕಡಿಮೆ.

ಕರ್ಚಿಕಾಯಿ ಹೆಸರಿಗೆ ಕಾಯಿಯ ಪಾಲಿಗೆ ಸೇರಿದ್ದು. ಅದರ ಗಡ್ಡೆ ಎರೆಮಣ್ಣಿನಲ್ಲಿ ಬೇಸಿಗೆ ಕಳೆದು ಮಳೆಗೆ ಬಳ್ಳಿಯಾಗುತ್ತದೆ, ಯಾರೂ ಬಿತ್ತುವುದಿಲ್ಲ. ಏಣೇಣಾದ ಪುಟ್ಟ ಕಾಯಿಯನ್ನು ಎಳೆಯದಾಗಿರುವಾಗಲೇ ಹರಿದು ಹುರಿಯುತ್ತಾರೆ. ಮಳೆ ಬಿದ್ದ ಮೇಲೆ ಹುತ್ತದ ಬಳಿ ಏಳುವ ಅಣಬೆಗಂತೂ ಪಲ್ಯವೆಂಬ ಹೆಸರು ಅಡುಗೆಯಾದ ಮೇಲಷ್ಟೇ. ಗುರುತು ಸಿಗದ ಅಣಬೆಯನ್ನು ಬಲ್ಲವರು ಮುಟ್ಟುವುದಿಲ್ಲ. ವಿಷದ್ದನ್ನು ಬಣ್ಣ, ವಾಸನೆಯಿಂದ ಬೇರ್ಪಡಿಸುವ ನಂಬಿಕೆಯ ದಾರಿ ಇಲ್ಲ.

ಎಳ್ಳಮಾವಾಸ್ಯೆಗೆ ಪಲ್ಯವೆಂಬ ಪದ ತನ್ನ ಬಳಗದೊಡನೆ ಹೊಲಕ್ಕೆ ಮರಳುತ್ತದೆ. ಅಂದಿನ ಭಜ್ಜಿ ಎಂಬ ಬೆರಕೆ ಅಡುಗೆಗೆ ಹಸಿಗಡಲೆ, ಅವರೆ, ತೊಗರಿಕಾಳಿನೊಂದಿಗೆ ಸಿಕ್ಕ ಪಲ್ಯವೆಲ್ಲ ಬೀಳುತ್ತದೆ. ಭೂಮಿಗೆ ನೈವೇದ್ಯವಾಗಿ ಚರಗ ಚೆಲ್ಲಿದ ಮೇಲೆ ಬೆಳೆಯ ನಡುವೆಯೇ ಸಜ್ಜೆರೊಟ್ಟಿಯೊಡನೆ ಉಣ್ಣುತ್ತಾರೆ.

ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿದು ಎಡದಂಡೆ ಕಾಲುವೆಯ ನೀರು ಬಂದಂತೆ ಇಲ್ಲಿನ ಜೋಳದ ನೆಲ ಎಷ್ಟೋ ಕಡೆ ಭತ್ತದ ಗದ್ದೆಯಾಯಿತು. ನೀರು ನಿಂತ ಗದ್ದೆಯಲ್ಲಿ ಹಕ್ಕರಕಿಗೆ ಜಾಗವಿಲ್ಲ. ಕೂಲಿ ಏರಿದಂತೆ ಕುರ್ಪಿಯ ಕೆಲಸವನ್ನು ಕಳೆನಾಶಕ ಹಿಡಿಯಿತು. ಸಿಂಪಡಿಸುವ ಔಷಧವನ್ನು ರೈತರು ಕರೆಯುವುದು ಎಣ್ಣೆ ಎಂದೇ. ಉಡಿಗೆ ಯಾವುದು, ಬದುವಿಗೆ ಯಾವುದು ಎಂದು ಕೈ ಮಾಡುತ್ತಿದ್ದ ಆಯ್ಕೆ ಅದಕ್ಕೆ ಬಾರದು. ನೂರಾರು ಮಳೆಗಾಲದ ತಿಳಿವಳಿಕೆ ಹೀಗೆ ಸವೆಯುವುದು ಸಣ್ಣ ನಷ್ಟವಲ್ಲ. ಒಣಬೇಸಾಯದ ಎರೆ ಹೊಲಗಳಲ್ಲಿ ಪಲ್ಯ ಇನ್ನೂ ಸಿಗುತ್ತದೆ, ಆದರೆ ಬೇರೆಯವರ ಹೊಲಕ್ಕೆ ಇಳಿಯುವ ಮುನ್ನ ಒಂದು ಮಾತು ಕೇಳಬೇಕಾಗಿದೆ: “ಎಣ್ಣಿ ಹೊಡದೀರೇನ್ರಿ?”