ಬೊಜ್ಜಿನ ಅಳತೆಗೋಲು

ನಮ್ಮ ಹಿಂದಿನ ಕವಿಗಳು ಹೆಣ್ಣನ್ನು ವರ್ಣಿಸುವಾಗ ನಡು ಸಣ್ಣದಾಗಿರಬೇಕು, ನಿತಂಬ ತುಂಬಿರಬೇಕು. ಗಂಡಸಿನ ಡೊಳ್ಳುಹೊಟ್ಟೆಯಾದರೋ ಹಾಸ್ಯಕ್ಕೆ ವಸ್ತು. ಮೇದಸ್ಸು ಹೆಣ್ಣಿನಲ್ಲಿ ಒಂದು ಕಡೆ, ಗಂಡಿನಲ್ಲಿ ಇನ್ನೊಂದು ಕಡೆ ನೆಲೆಸುತ್ತದೆಂಬುದನ್ನು ತಿಳಿಯಲು ಕಾವ್ಯಾಭ್ಯಾಸವೇ ಸಾಕು. ಆದರೆ ಈ ಭೇದಕ್ಕೂ ರೋಗಕ್ಕೂ ಸಂಬಂಧವುಂಟೆಂದು ವೈದ್ಯರು ಲೆಕ್ಕವಿಟ್ಟು ನೋಡಿದ್ದು ತೀರ ಈಚೆಗೆ. ಕಾಲೇಜಿನಲ್ಲಿ ಕಾವ್ಯದ ಪಾಠ ಹೇಳುವ ನನಗೆ ಈ ವಿಳಂಬವೇ ಕುತೂಹಲವನ್ನು ಹುಟ್ಟಿಸಿತು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಂಟು ಬಗೆಯ ನಿಂದಿತ ಶರೀರಗಳ ಪಟ್ಟಿಯೊಂದಿದೆ. ಅದರಲ್ಲಿ ಅತಿಸ್ಥೂಲನೂ ಒಬ್ಬ. ಅತಿಯಾದ ಆಹಾರ, ಹಗಲುನಿದ್ರೆ, ವ್ಯಾಯಾಮವಿಲ್ಲದ ಬಾಳು, ಬೀಜಸ್ವಭಾವ, ಇವೆಲ್ಲ ಕಾರಣಗಳು. ಇವುಗಳ ಜೊತೆಗೆ ಚಿಂತೆಯಿಲ್ಲದಿರುವುದೂ ಒಂದು. ನಿಶ್ಚಿಂತನಿಗೆ ಮೈ ಬರುತ್ತದೆಂಬುದು ನಮ್ಮ ಮನೆಯ ಹಿರಿಯರ ಮಾತೂ ಹೌದು. ಈ ಕೊನೆಯ ಕಾರಣವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ಡಾಕ್ಟರರು ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಒಂದು ಅಂಕಿಯನ್ನು ಹೇಳುತ್ತಾರಷ್ಟೆ. ಅದರ ಮೂಲಪುರುಷ ವೈದ್ಯನಲ್ಲ. ಬ್ರಸೆಲ್ಸ್ ನಗರದ ಖಗೋಳಜ್ಞ ಅಡೋಲ್ಫ್ ಕೆಟಲೆ ಎಂಬಾತ. ನಕ್ಷತ್ರಗಳ ಲೆಕ್ಕದಲ್ಲಿ ನುರಿತ ಆತ ಮನುಷ್ಯರನ್ನೂ ಹಾಗೆಯೇ ಎಣಿಸಿ ‘ಸರಾಸರಿ ಮನುಷ್ಯ’ನನ್ನು ಹುಡುಕಹೊರಟ; 1835ರಲ್ಲಿ ಅದರ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಬೊಜ್ಜು ಆತನ ಚಿಂತೆಯಾಗಿರಲಿಲ್ಲ. ಆ ಲೆಕ್ಕವನ್ನು ಎತ್ತಿಕೊಂಡು ಇಂದಿನ ಹೆಸರಿಟ್ಟವನು ಅಮೆರಿಕದ ಏನ್ಸೆಲ್ ಕೀಸ್, 1972ರಲ್ಲಿ. ಕೀಸ್ ಪರೀಕ್ಷಿಸಿದ್ದು ಐದು ದೇಶಗಳ ಏಳು ಸಾವಿರಕ್ಕೂ ಮಿಕ್ಕ ಜನರನ್ನು, ಅವರೆಲ್ಲರೂ ಗಂಡಸರು! ಗಂಡಸರ ಮೈಯಲ್ಲಿ ಒರೆಹಚ್ಚಿದ ಗೋಲಿನಿಂದಲೇ ಮುಂದೆ ಸ್ತ್ರೀಯರನ್ನೂ ಅಳೆದರು. 25 ದಾಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು, ಇಬ್ಬರಿಗೂ ಒಂದೇ ಗೆರೆ. ಒಂದೇ ಎತ್ತರ, ಒಂದೇ ತೂಕದ ಗಂಡುಹೆಣ್ಣುಗಳಲ್ಲಿ ಸಾಮಾನ್ಯವಾಗಿ ಹೆಣ್ಣಿನ ಮೈಯಲ್ಲೇ ಕೊಬ್ಬಿನ ಪಾಲು ಹೆಚ್ಚು ಎಂಬುದು ಆ ಅಂಕಿಗೆ ಕಾಣುವುದಿಲ್ಲ.

ಕಂಡವನೊಬ್ಬನಿದ್ದ. ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ವೈದ್ಯ ಜಾನ್ ವಾಗ್ 1947ರಲ್ಲೇ ಬರೆದ: ಬೊಜ್ಜು ಎಷ್ಟಿದೆಯೆಂಬುದಷ್ಟೇ ಮುಖ್ಯವಲ್ಲ, ಎಲ್ಲಿದೆಯೆಂದು ನೋಡಬೇಕು. ಮೈಯ ಮೇಲ್ಭಾಗದಲ್ಲಿ ಸೇರುವ ಬೊಜ್ಜು ಗಂಡುಬಗೆಯದು. ಸಿಹಿಮೂತ್ರರೋಗ, ರಕ್ತನಾಳಗಳ ರೋಗ ಅದರ ಬೆನ್ನಿಗೆ ಬರುತ್ತವೆ. ತೊಡೆ ನಿತಂಬಗಳಲ್ಲಿ ನಿಲ್ಲುವುದು ಹೆಣ್ಣುಬಗೆಯದು. ಅದು ಅಷ್ಟು ಕೇಡಿನದಲ್ಲ. ಹೆಂಗಸಿಗೂ ಗಂಡುಬಗೆಯ ಬೊಜ್ಜು ಬರಬಹುದು, ಬಂದರೆ ಅಪಾಯವೂ ಬರುತ್ತದೆ. ಈ ಮಾತಿಗೆ ಮೂರು ದಶಕಗಳಿಗೂ ಹೆಚ್ಚು ಕಾಲ ತಕ್ಕ ಮನ್ನಣೆ ದೊರೆಯಲಿಲ್ಲ. 1984ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನ ವೈದ್ಯರು 792 ಗಂಡಸರನ್ನೂ 1,462 ಹೆಂಗಸರನ್ನೂ ಹತ್ತು ಹನ್ನೆರಡು ವರ್ಷಕ್ಕೂ ಮೀರಿ ಗಮನಿಸಿದ ಫಲವನ್ನು ಪ್ರಕಟಿಸಿದಾಗ, ಸೊಂಟಕ್ಕೂ ನಿತಂಬಕ್ಕೂ ಇರುವ ಪ್ರಮಾಣವೇ ಹೃದ್ರೋಗದ ಮುನ್ಸೂಚನೆಯೆಂದು ತಿಳಿಯಿತು. ಮುಟ್ಟು ನಿಂತ ಮೇಲೆ ಹೆಣ್ಣಿನ ಕೊಬ್ಬೂ ಹೊಟ್ಟೆಯ ಕಡೆಗೆ ಸರಿಯುತ್ತದೆ. ಈಗ ನಮ್ಮ ದೇಶದವರಿಗೆ ಸೊಂಟದ ಗಡಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಬೇರೆ ಬೇರೆಯಾಗಿಯೇ ಹೇಳುತ್ತಾರೆ.

ಇಷ್ಟಾದರೂ ಹೆಂಗಸರೆಲ್ಲ ಒಂದೇ ಗುಂಪು ಎಂಬ ನಂಬಿಕೆ ಉಳಿದಿತ್ತು. ಹೆಣ್ಣನ್ನೇ ಪ್ರೀತಿಸುವ ಹೆಣ್ಣು, ಗಂಡನ್ನೇ ಪ್ರೀತಿಸುವ ಗಂಡು ವೈದ್ಯರ ದೃಷ್ಟಿಯಲ್ಲಿ ಸ್ವತಃ ರೋಗಿಗಳೇ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ರೋಗವೆಂದು ಹಣೆಪಟ್ಟಿ ಹಚ್ಚಿದವರ ಇತರ ಆರೋಗ್ಯವನ್ನು ಯಾರು ವಿಚಾರಿಸುತ್ತಾರೆ? ಅಲ್ಲಿ 1989ರಲ್ಲಿ ಒಂದು ಲಕ್ಷಕ್ಕೂ ಮಿಕ್ಕ ದಾದಿಯರನ್ನು ಒಳಗೊಂಡು ಆರಂಭವಾದ ಅಧ್ಯಯನವೊಂದು 1995ರ ಪ್ರಶ್ನಾವಳಿಯಲ್ಲಿ ಅವರ ಒಲವಿನ ವಿಷಯವನ್ನೂ ಕೇಳಿತು. ಉತ್ತರಗಳ ವಿಶ್ಲೇಷಣೆ 2004ರಲ್ಲಿ ಹೊರಬಂದಾಗ, ಸ್ತ್ರೀಯರನ್ನು ಪ್ರೀತಿಸುವ ದಾದಿಯರಲ್ಲಿ ಅಧಿಕ ತೂಕ ಹೆಚ್ಚೆಂದು ಕಂಡಿತು. 2002ರ ರಾಷ್ಟ್ರೀಯ ಸಮೀಕ್ಷೆಯೊಂದನ್ನು ಆಧರಿಸಿದ 2007ರ ಲೇಖನ ಈ ಸಂಭವ ಇತರ ಸ್ತ್ರೀಯರದಕ್ಕಿಂತ ಎರಡು ಪಟ್ಟಿಗೂ ಮಿಗಿಲೆಂದಿತು. ಗಂಡಸರಲ್ಲಿ ಲೆಕ್ಕ ತಿರುಗುಮುರುಗು: ಸಲಿಂಗಪ್ರೇಮಿಗಳಲ್ಲಿ ಬೊಜ್ಜು ಕಡಿಮೆ, ಆದರೆ ತಮ್ಮ ಮೈಯ ಬಗ್ಗೆ ಅತೃಪ್ತಿ, ಊಟ ಬಿಡುವ ಕಾಯಿಲೆ ಹೆಚ್ಚು.

ಒಲವು ತಾನೇ ಕೊಬ್ಬಾಗುತ್ತದೆಯೇ? ಖಂಡಿತ ಇಲ್ಲ. ಗಂಡಸಿನ ಕಣ್ಣಿಗಾಗಿ ತೆಳ್ಳಗಿರಬೇಕೆಂಬ ಒತ್ತಾಯ ಒಬ್ಬಳಿಗೆ ಕಡಿಮೆಯಿರಬಹುದು. ಗಂಡಸಿನ ಮೆಚ್ಚುಗೆ ಬಯಸುವ ಗಂಡಸಿಗೆ ಅದೇ ಒತ್ತಾಯ ತಟ್ಟಬಹುದು. ಅದಕ್ಕಿಂತ ಮುಖ್ಯವಾದುದು, ಬಚ್ಚಿಟ್ಟು ಬಾಳುವವರ ನಿತ್ಯದ ಅಂಜಿಕೆ. ಇಂಥ ಅಲ್ಪಸಂಖ್ಯಾತರ ಮನಃಕ್ಲೇಶವನ್ನು ಕುರಿತು ಇಲಾನ್ ಮೇಯರ್ ಎಂಬ ವಿದ್ವಾಂಸ 2003ರಲ್ಲಿ ವಿವರವಾಗಿ ಬರೆದಿದ್ದಾನೆ. ಅವಮಾನಕ್ಕೆ ಹೆದರಿ ಡಾಕ್ಟರರ ಬಳಿಗೇ ಹೋಗದವರೂ ಉಂಟು. ಚಿಂತೆಯಿಲ್ಲದವನಿಗೆ ಬೊಜ್ಜೆಂದ ಚರಕ. ಚಿಂತೆಯೂ ಬೊಜ್ಜಿಗೆ ದಾರಿಯೆನ್ನುತ್ತಾರೆ ಇವರು. ಎರಡೂ ಸುಳ್ಳಲ್ಲವೆಂದೇ ನನ್ನ ಎಣಿಕೆ.

ನಮ್ಮ ನಾಡಿನ ಕಥೆ ಇನ್ನೂ ವಿಚಿತ್ರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1998–99ರಲ್ಲಿ ಮದುವೆಯಾದ ಹೆಂಗಸರನ್ನು ತೂಗಿತು. ತಾಯಂದಿರ ಪೋಷಣೆಯೇ ಅಂದಿನ ಕಾಳಜಿ. ಗಂಡಸರು ತಕ್ಕಡಿ ಹತ್ತಿದ್ದು 2005–06ರಲ್ಲಿ. ಅಲ್ಲಿ ಗಂಡಸರು ಮೊದಲು, ಇಲ್ಲಿ ಮುತ್ತೈದೆಯರು ಮೊದಲು! 2019–21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸ್ತ್ರೀಯರಲ್ಲಿ ಶೇಕಡ 30.1, ಪುರುಷರಲ್ಲಿ ಶೇಕಡ 30.9 ಮಂದಿಗೆ ಅಧಿಕ ತೂಕ ಇಲ್ಲವೆ ಬೊಜ್ಜು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ವಯಸ್ಕರ ಸಲಿಂಗಪ್ರೇಮ ಅಪರಾಧವಲ್ಲವೆಂದು ತೀರ್ಪಿತ್ತಿತು. ಅದರ ಮರುವರ್ಷವೇ ಆರಂಭವಾದ ಆ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ವಿವಾಹವಾಗಿದೆಯೇ ಎಂಬ ಪ್ರಶ್ನೆಯಿದೆ. ಒಲವು ಯಾರ ಕಡೆಗೆಂಬ ಪ್ರಶ್ನೆಯಿಲ್ಲ.